ತೊಂಬತ್ತು ಅಂದರೆ ಕಮ್ಮಿಯಾ? ಬೆಳವಣಿಗೆ ಹಾರ್ಮೋನಿನ ರಕ್ತಪರೀಕ್ಷೆ ಓದುವ ಬಗೆ

ಒಂದು ರಿಪೋರ್ಟಿನಿಂದಲೇ ಶುರು ಮಾಡುವ. ಕಾಗದದಲ್ಲಿ ಒಂದೇ ಸಾಲು: ಐಜಿಎಫ್-1, 90 ನ್ಯಾನೋಗ್ರಾಂ ಪ್ರತಿ ಮಿಲಿಲೀಟರಿಗೆ. ಐಜಿಎಫ್-1 ಅಂದರೆ ಇನ್ಸುಲಿನ್-ಲೈಕ್ ಗ್ರೋತ್ ಫ್ಯಾಕ್ಟರ್, ಬೆಳವಣಿಗೆ ಹಾರ್ಮೋನು ಹೇಳಿ ಮಾಡಿಸುವ ವಸ್ತು. ಇದು ಕಮ್ಮಿಯಾ, ಸರಿಯಾ, ಜಾಸ್ತಿಯಾ? ಲ್ಯಾಬಿನಲ್ಲಿ ಕೆಲಸ ಮಾಡುವವರು ಕೂಡಲೇ ಉತ್ತರ ಹೇಳಬೇಡಿ, ಸ್ವಲ್ಪ ತಡೆಯಿರಿ. ಆರು ವರ್ಷದ ಮಗುವಿನದ್ದಾದರೆ ಈ 90 ಸರಿಯಾಗಿಯೇ ಉಂಟು. ಹದಿನಾಲ್ಕು ದಾಟಿ ಮೀಸೆ ಚಿಗುರಿ ಸ್ವರ ಒಡೆದ ಹುಡುಗನದ್ದಾದರೆ ಅದು ಸ್ಪಷ್ಟವಾಗಿ ಕಮ್ಮಿ. ಅರವತ್ತರ ಅಜ್ಜನದ್ದಾದರೆ ಮತ್ತೆ ಸರಿ. ಅದೇ ಹದಿನಾಲ್ಕರ ಹುಡುಗನಿಗೆ ಇನ್ನೂ ಪ್ರಾಯಕ್ಕೆ ಬರುವ ಲಕ್ಷಣವೇ ಶುರುವಾಗಿಲ್ಲ, ಮೂಳೆಯ ವಯಸ್ಸು ಹತ್ತೂವರೆ ಅಂತ ಎಕ್ಸ್‌ರೇ ಹೇಳುತ್ತದೆ ಅಂದುಕೊಳ್ಳಿ. ಆಗ 90ನ್ನು ಹತ್ತೂವರೆ ವರ್ಷದವರ ಪಟ್ಟಿಯ ಪಕ್ಕ ಇಟ್ಟು ನೋಡಬೇಕು, ಹದಿನಾಲ್ಕರ ಪಟ್ಟಿಯ ಪಕ್ಕ ಅಲ್ಲ.

ಸಂಖ್ಯೆ ಒಂದೇ, ಉತ್ತರ ನಾಲ್ಕು. ಪ್ರಾಯ, ಗಂಡೋ ಹೆಣ್ಣೋ, ಪ್ರಾಯಕ್ಕೆ ಬಂದ ಹಂತ, ಊಟ, ಥೈರಾಯ್ಡ್, ಲಿವರ್, ಕೊನೆಗೆ ಯಾವ ಕಂಪೆನಿಯ ಮೆಷೀನು ಎನ್ನುವುದು ಸಹ ಗೊತ್ತಿಲ್ಲದೆ ಈ ಪರೀಕ್ಷೆಗಳನ್ನು ಓದಲಿಕ್ಕಾಗುವುದಿಲ್ಲ.

ಹಾಗಾದರೆ ಬೆಳವಣಿಗೆ ಹಾರ್ಮೋನನ್ನೇ ನೇರವಾಗಿ ಅಳೆದರೆ ಆಗದಾ ಅಂತ ಅಪ್ಪ-ಅಮ್ಮಂದಿರು ಕೇಳುತ್ತಾರೆ. ಆಗುವುದಿಲ್ಲ, ಕಾರಣ ಹೇಳುತ್ತೇನೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಒಂದೇ ಸಮ ಸುರಿಸುವುದಿಲ್ಲ, ಬಿಟ್ಟು ಬಿಟ್ಟು ಚಿಮ್ಮಿಸುತ್ತದೆ. ದೊಡ್ಡ ಚಿಮ್ಮುಗಳು ಬರುವುದು ರಾತ್ರಿ, ನಿದ್ದೆ ಹತ್ತಿದ ಮೇಲೆ ಗಾಢ ನಿದ್ದೆಯ ಹೊತ್ತಿನಲ್ಲಿ. ರಕ್ತಕ್ಕೆ ಬಂದದ್ದು ಇಪ್ಪತ್ತು ನಿಮಿಷದೊಳಗೆ ಅರ್ಧಕ್ಕೆ ಇಳಿಯುತ್ತದೆ. ಎರಡು ಚಿಮ್ಮುಗಳ ನಡುವೆ ಆರೋಗ್ಯವಾಗಿರುವ ಮಗುವಿನಲ್ಲೂ ಅದು ಸೊನ್ನೆಯ ಹತ್ತಿರ ಇರುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ರಕ್ತ ಕೊಟ್ಟು 0.2 (ಹಾರ್ಮೋನಿನ ಅಳತೆಯೂ ನ್ಯಾನೋಗ್ರಾಂ ಪ್ರತಿ ಮಿಲಿಲೀಟರಿಗೆ) ಅಂತ ಬಂದರೆ ಮಗುವಿಗೆ ಹಾರ್ಮೋನು ಇಲ್ಲ ಅಂತ ಅರ್ಥವಲ್ಲ, ಆ ಹೊತ್ತಿಗೆ ಇರಲಿಲ್ಲ ಅಷ್ಟೆ.

ಮಂಗಳೂರಿನವರಿಗೆ ಇದನ್ನು ಹೇಳುವುದು ಸುಲಭ. ಎಪ್ರಿಲ್-ಮೇಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದಾಗ ಮನೆಗೆ ಪೈಪಿನಲ್ಲಿ ನೀರು ಬರುವುದು ಲೆಕ್ಕದ ಗಂಟೆ ಮಾತ್ರ. ಮಧ್ಯಾಹ್ನ ಮೂರು ಗಂಟೆಗೆ ನಲ್ಲಿ ತಿರುಗಿಸಿ ನೋಡಿ, ನೀರಿಲ್ಲ ಅಂತ ಕಾರ್ಪೊರೇಶನ್ನಿಗೆ ದೂರು ಕೊಡುವವರುಂಟಾ? ಟ್ಯಾಂಕಿಯ ಮಟ್ಟ ನೋಡುತ್ತೇವೆ. ಹಾರ್ಮೋನು ನಲ್ಲಿಯ ನೀರು. ಐಜಿಎಫ್-1 ಟ್ಯಾಂಕಿಯ ಮಟ್ಟ. ಟ್ಯಾಂಕಿ ಖಾಲಿಯಾಗಲಿಕ್ಕೆ ನೀರು ಬಾರದಿರುವುದೊಂದೇ ಕಾರಣವಲ್ಲ, ಟ್ಯಾಂಕಿಯೇ ಬಿರುಕು ಬಿಟ್ಟಿರಬಹುದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಸುಮ್ಮನೆ ಒಮ್ಮೆ ತೆಗೆದ ಹಾರ್ಮೋನ್ ರಕ್ತಪರೀಕ್ಷೆಗೆ ಬೆಲೆ ಇರುವ ಒಂದು ಸಂದರ್ಭ ಉಂಟು: ಹುಟ್ಟಿದ ಮೊದಲ ವಾರ. ಆ ದಿನಗಳಲ್ಲಿ ಮಗುವಿನ ರಕ್ತದಲ್ಲಿ ಹಾರ್ಮೋನು ಸಹಜವಾಗಿಯೇ ಎತ್ತರದಲ್ಲಿರುತ್ತದೆ. ಶಿಶುವಿಗೆ ಪದೇಪದೇ ಸಕ್ಕರೆ ಅಂಶ ಇಳಿಯುತ್ತಿದ್ದು, ಅದೇ ಹೊತ್ತಿಗೆ ತೆಗೆದ ರಕ್ತದಲ್ಲಿ ಹಾರ್ಮೋನು 5ಕ್ಕಿಂತ ಕೆಳಗೆ ಇದ್ದರೆ ಅದು ಗಂಭೀರ ಸೂಚನೆ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕೆಲಸ ಮಾಡುವ ನರ್ಸುಗಳು ನೆನಪಿಡಿ: ಗ್ಲೂಕೋಸ್ ಏರಿಸುವ ಮೊದಲು ಒಂದು ಟ್ಯೂಬ್ ತೆಗೆದಿಟ್ಟುಕೊಂಡರೆ ಆಮೇಲೆ ಮಗುವನ್ನು ಬೇಕಂತಲೇ ಉಪವಾಸ ಕೆಡವಬೇಕಾಗಿ ಬರುವುದಿಲ್ಲ.

ಈ ಐಜಿಎಫ್-1 ಪತ್ತೆಯಾದ ಬಗೆ ಚೆನ್ನಾಗಿದೆ. 1957ರಲ್ಲಿ ಸಾಲ್ಮನ್ ಮತ್ತು ಡಾಗಡೆ ಎಂಬ ಸಂಶೋಧಕರು ಇಲಿಯ ಪಕ್ಕೆಲುಬಿನ ಮೃದ್ವಸ್ಥಿಯ ಮೇಲೆ ಪ್ರಯೋಗ ಮಾಡುತ್ತಿದ್ದರು. ಮೃದ್ವಸ್ಥಿಗೆ ನೇರವಾಗಿ ಬೆಳವಣಿಗೆ ಹಾರ್ಮೋನು ಹಾಕಿದರೆ ಹೇಳುವಂಥ ಪರಿಣಾಮವಿಲ್ಲ. ಹಾರ್ಮೋನು ಕೊಟ್ಟ ಇಲಿಯ ಸೀರಮ್ ಹಾಕಿದರೆ ಮೃದ್ವಸ್ಥಿ ಸಲ್ಫೇಟನ್ನು ಹೀರಿಕೊಂಡು ಬೆಳೆಯಲಿಕ್ಕೆ ತೊಡಗುತ್ತದೆ. ಅಂದರೆ ನಡುವೆ ಇನ್ನೊಬ್ಬ ದಲ್ಲಾಳಿ ಇದ್ದಾನೆ ಅಂತಾಯಿತು. 1978ರಲ್ಲಿ ಆ ದಲ್ಲಾಳಿಯ ಪೂರ್ಣ ರಚನೆ ಸಿಕ್ಕಿತು, 70 ಅಮೈನೋ ಆಮ್ಲಗಳ ಒಂದು ಸರಪಳಿ. ಇನ್ಸುಲಿನ್ನಿನ ದಾಯಾದಿ, ಹಾಗಾಗಿ ಹೆಸರೂ ಹಾಗೆಯೇ. ರಕ್ತದಲ್ಲಿ ಓಡಾಡುವುದರ ಬಹುಪಾಲು ಲಿವರಿನಲ್ಲಿ ತಯಾರಾಗುತ್ತದೆ. ಅದು ಒಂಟಿಯಾಗಿ ತಿರುಗುವುದಿಲ್ಲ. ಐಜಿಎಫ್‌ಬಿಪಿ-3 ಎಂಬ ಪ್ರೋಟೀನು, ಜೊತೆಗೆ ಎಎಲ್‌ಎಸ್ ಎಂಬ ಇನ್ನೊಂದು, ಮೂರೂ ಸೇರಿ ಒಂದು ಗಂಟು. ಒಂಟಿ ಐಜಿಎಫ್-1 ಹತ್ತಾರು ನಿಮಿಷದಲ್ಲಿ ಮಾಯ, ಗಂಟಿನೊಳಗಿದ್ದರೆ ಹನ್ನೆರಡು ಹದಿನೈದು ಗಂಟೆ ಬಾಳುತ್ತದೆ. ಅದಕ್ಕೇ ಬೆಳಿಗ್ಗೆ ತೆಗೆದರೂ ಸಂಜೆ ತೆಗೆದರೂ ದೊಡ್ಡ ವ್ಯತ್ಯಾಸವಿಲ್ಲ, ಖಾಲಿ ಹೊಟ್ಟೆಯೂ ಬೇಡ. "ಇಡ್ಲಿ ತಿಂದು ಬಂದಿದ್ದಾನೆ" ಅಂತ ಮಗುವನ್ನು ವಾಪಸು ಕಳಿಸಬೇಡಿ ಮಾರಾಯ್ರೆ, ಕುಂದಾಪುರದಿಂದ ಎರಡು ಬಸ್ಸು ಹಿಡಿದು ಬಂದಿರುತ್ತಾರೆ.

ರಕ್ತಕ್ಕೆ ಹೋಗುವ ಮೊದಲು ಟೇಪು. ಇದನ್ನು ಬೇಜಾರಿಲ್ಲದೆ ಕೇಳಿ, ಯಾಕೆಂದರೆ ರಕ್ತಪರೀಕ್ಷೆ ಬೇಕೋ ಬೇಡವೋ ಎನ್ನುವುದು ತೀರ್ಮಾನವಾಗುವುದು ಇಲ್ಲಿ. ನಾಲ್ಕು ವರ್ಷದಿಂದ ಪ್ರಾಯಕ್ಕೆ ಬರುವವರೆಗೆ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ. 4ಕ್ಕಿಂತ ಕೆಳಗೆ ಬಂದರೆ ಹುಡುಕಬೇಕು. ಗಿಡ್ಡ ಇರುವುದು ಬೇರೆ, ಬೆಳೆಯದೆ ನಿಂತಿರುವುದು ಬೇರೆ. ಅಪ್ಪ 168, ಅಮ್ಮ 154 ಅಂತಿಟ್ಟುಕೊಳ್ಳಿ. ಎರಡೂ ಕೂಡಿಸಿ, ಗಂಡು ಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಅರ್ಧ ಮಾಡಿ. ಮಗನಿಗೆ 167.5, ಮಗಳಿಗೆ 154.5 ಬರುತ್ತದೆ. ಇದರ ಆಚೀಚೆ ಎಂಟು ಹತ್ತು ಸೆಂಟಿಮೀಟರ್ ಬಿಡಬೇಕು. ಆ ಮನೆಯ ಹುಡುಗನನ್ನು ಪಕ್ಕದ ಮನೆಯ ಆರಡಿ ಅಪ್ಪನ ಮಗನ ಜೊತೆ ನಿಲ್ಲಿಸಿ "ಇವನಿಗೇನೋ ಆಗಿದೆ" ಅಂದರೆ ಯಾವ ಲ್ಯಾಬೂ ಏನೂ ಮಾಡಲಿಕ್ಕಾಗುವುದಿಲ್ಲ.

ಅಳೆಯುವಾಗ ಚಪ್ಪಲಿ ಬಿಚ್ಚಿಸಿ. ಹೆಣ್ಣುಮಕ್ಕಳ ಜಡೆ, ಜುಟ್ಟು, ತಲೆಗೆ ಸುತ್ತಿದ ಶಂಕರಪುರ ಮಲ್ಲಿಗೆ, ಎಲ್ಲ ತೆಗೆಸಿ. ಹಿಮ್ಮಡಿ, ಕುಂಡೆ, ಬೆನ್ನು ಗೋಡೆಗೆ ತಾಗಬೇಕು. ಬೆಳಿಗ್ಗೆ ಅಳೆದದ್ದಕ್ಕೂ ಸಂಜೆ ಅಳೆದದ್ದಕ್ಕೂ ಒಂದು ಸೆಂಟಿಮೀಟರ್‌ವರೆಗೂ ವ್ಯತ್ಯಾಸ ಬರುತ್ತದೆ, ಬೆನ್ನುಮೂಳೆಯ ಬಿಲ್ಲೆಗಳು ಹಗಲಿಡೀ ಒತ್ತಿಕೊಳ್ಳುತ್ತವೆ. ಹಾಗಾಗಿ ಪ್ರತಿ ಸಲ ಒಂದೇ ಹೊತ್ತಿಗೆ ಅಳೆಯಿರಿ. ಇನ್ನು ಮೂರು ತಿಂಗಳ ಅಂತರದಲ್ಲಿ ಅಳೆದು ವರ್ಷದ ವೇಗ ಲೆಕ್ಕ ಹಾಕಬೇಡಿ. ಅರ್ಧ ಸೆಂಟಿಮೀಟರ್ ತಪ್ಪಾದರೆ ನಾಲ್ಕರಿಂದ ಗುಣಿಸಿದಾಗ ಎರಡು ಸೆಂಟಿಮೀಟರ್ ತಪ್ಪು. ಕಡಿಮೆ ಅಂದರೂ ಆರು ತಿಂಗಳು, ವರ್ಷವಾದರೆ ಇನ್ನೂ ಒಳ್ಳೆಯದು. ಶಾಲೆಯವರು ಜೂನಿನಲ್ಲಿ ಬರೆದಿಟ್ಟ ಎತ್ತರ ಸಿಕ್ಕಿದರೆ ಅದು ಎಷ್ಟೋ ಸಾವಿರ ರೂಪಾಯಿಯ ಪರೀಕ್ಷೆಗಿಂತ ಉಪಕಾರ.

ವೇಗ ಕಮ್ಮಿ ಅಂತ ಖಚಿತವಾದ ಮೇಲೂ ಮೊದಲ ಟ್ಯೂಬು ಬೆಳವಣಿಗೆ ಹಾರ್ಮೋನಿಗಲ್ಲ. ಹಿಮೋಗ್ಲೋಬಿನ್, ಉರಿಯೂತಕ್ಕೆ ಇಎಸ್‌ಆರ್, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಥೈರಾಯ್ಡಿಗೆ ಟಿಎಸ್‌ಎಚ್ ಜೊತೆಗೆ ಟಿ4, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಗೆ ಟಿಟಿಜಿ, ಮೂಳೆಯ ವಯಸ್ಸಿಗೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ. ಗಿಡ್ಡ ಇರುವ ಹೆಣ್ಣು ಮಗುವಿಗೆ, ನೋಡಲಿಕ್ಕೆ ಬೇರೆ ಯಾವ ಲಕ್ಷಣ ಇಲ್ಲದಿದ್ದರೂ, ಕ್ರೋಮೋಸೋಮ್ ಪರೀಕ್ಷೆ. ಟರ್ನರ್ ಸಿಂಡ್ರೋಮ್ (ಹೆಣ್ಣಿನ ಒಂದು ಎಕ್ಸ್ ಕ್ರೋಮೋಸೋಮ್ ಪೂರ್ತಿಯೋ ಭಾಗಶಃವೋ ಇಲ್ಲದಿರುವುದು) ಇದ್ದರೆ ಐಜಿಎಫ್-1 ನೋಡುತ್ತಾ ಕೂತರೆ ಸಿಗುವುದಿಲ್ಲ.

ಈಗ ಬಿರುಕು ಬಿಟ್ಟ ಟ್ಯಾಂಕಿ. ಐಜಿಎಫ್-1 ತಯಾರಾಗಲಿಕ್ಕೆ ಹಾರ್ಮೋನು ಸಾಕಾಗುವುದಿಲ್ಲ. ಊಟ ಬೇಕು, ಇನ್ಸುಲಿನ್ ಬೇಕು, ಥೈರಾಯ್ಡ್ ಬೇಕು, ಒಳ್ಳೆಯ ಲಿವರ್ ಬೇಕು. ಕೆಲವೇ ದಿನ ಊಟ ಬಿಟ್ಟರೂ ಅದು ಇಳಿಯುತ್ತದೆ. ಪ್ರೋಟೀನು ಕಮ್ಮಿಯಾದರೂ ಅಷ್ಟೆ. ಬರೀ ಗಂಜಿ ಉಪ್ಪಿನಕಾಯಿಯಲ್ಲಿ ದಿನ ಕಳೆಯುವ ಮಗುವಿನ ಐಜಿಎಫ್-1 ಕಮ್ಮಿ ಬಂದರೆ ಪಿಟ್ಯುಟರಿಯ ಮೇಲೆ ಅನುಮಾನ ಪಡುವ ಮೊದಲು ತಟ್ಟೆ ನೋಡಿ. ಅಂಥ ಮಕ್ಕಳಲ್ಲಿ ಹಾರ್ಮೋನು ಎಷ್ಟೋ ಸಲ ಹೆಚ್ಚೇ ಇರುತ್ತದೆ. ಲಿವರು ಅದರ ಮಾತು ಕೇಳುವುದಿಲ್ಲ. ಹತೋಟಿಯಲ್ಲಿಲ್ಲದ ಟೈಪ್-1 ಡಯಾಬಿಟಿಸ್‌ನಲ್ಲೂ ಇದೇ ಕಥೆ. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ ಆಗಿ ಎದ್ದ ಮಗುವಿಗೆ ಆ ವಾರವೇ ಈ ಪರೀಕ್ಷೆ ಬೇಡ. ಜ್ವರ ಬಿಟ್ಟು, ಹಸಿವು ಮರಳಿ, ತೂಕ ಕೂಡಿಕೊಂಡ ಮೇಲೆ ಮಾಡಿಸಿ. ಟಿಎಸ್‌ಎಚ್ ಜಾಸ್ತಿ ಇದ್ದರೆ ಮೊದಲು ಥೈರಾಕ್ಸಿನ್ ಕೊಟ್ಟು ಎರಡು ಮೂರು ತಿಂಗಳು ಕಾಯಬೇಕು. ಥೈರಾಯ್ಡ್ ಸರಿಯಿಲ್ಲದೆ ಮಾಡಿದ ಬೆಳವಣಿಗೆ ಹಾರ್ಮೋನ್ ಪರೀಕ್ಷೆ ಸುಳ್ಳೇ ಕೊರತೆ ಅಂತ ತೋರಿಸಬಹುದು.

ಐದು ವರ್ಷದ ಕೆಳಗಿನವರಲ್ಲಿ ಇನ್ನೊಂದು ತೊಡಕು. ಆ ಪ್ರಾಯದಲ್ಲಿ ಐಜಿಎಫ್-1 ಸಹಜವಾಗಿಯೇ ಕೆಳಗಿರುತ್ತದೆ, ಸರಿ ಇರುವವರ ಕೆಳಮಟ್ಟವೂ ಕೊರತೆ ಇರುವವರ ಮಟ್ಟವೂ ಒಂದರ ಮೇಲೊಂದು ಬೀಳುತ್ತವೆ. ಮೂರು ವರ್ಷದೊಳಗಿನ ಮಗುವಿಗೆ ಐಜಿಎಫ್‌ಬಿಪಿ-3 ಹೆಚ್ಚು ನಂಬಿಕೆಗೆ ಅರ್ಹ, ಅದು ಪ್ರಾಯದ ಜೊತೆ ಅಷ್ಟು ಏರಿಳಿಯುವುದಿಲ್ಲ, ಊಟಕ್ಕೂ ಅಷ್ಟು ಬಗ್ಗುವುದಿಲ್ಲ. ದೊಡ್ಡ ಮಕ್ಕಳಲ್ಲಿ ಅದನ್ನು ಸೇರಿಸುವುದರಿಂದ ಹೆಚ್ಚಿನ ಲಾಭವೇನಿಲ್ಲ, ಬಿಲ್ಲು ಏರುತ್ತದೆ ಅಷ್ಟೆ.

ಲ್ಯಾಬಿನವರಿಗೆ ಸ್ವಲ್ಪ. ಐಜಿಎಫ್-1 ಗಂಟಿನೊಳಗೆ ಕೂತಿದೆ ಅಂದೆ. ಕಿಟ್ಟಿನಲ್ಲಿರುವ ಆಂಟಿಬಾಡಿ ಅದನ್ನು ಹಿಡಿಯಬೇಕಾದರೆ ಮೊದಲು ಗಂಟು ಬಿಚ್ಚಬೇಕು. ಆಮ್ಲ ಹಾಕಿ ಬಿಡಿಸುತ್ತಾರೆ, ಮತ್ತೆ ಕಟ್ಟಿಕೊಳ್ಳದ ಹಾಗೆ ಅದರ ಸೋದರ ಐಜಿಎಫ್-2ನ್ನು ಹೇರಳವಾಗಿ ಸುರಿಯುತ್ತಾರೆ. ಒಂದೊಂದು ಕಂಪೆನಿ ಒಂದೊಂದು ರೀತಿ ಬಿಚ್ಚುವುದರಿಂದ ಒಂದೇ ಸೀರಮ್ ಎರಡು ಮೆಷೀನಿನಲ್ಲಿ ಎರಡು ಸಂಖ್ಯೆ ಕೊಡುತ್ತದೆ. ಕಿಟ್ಟಿನ ಕಾಗದದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 02/254 ಎಂಬ ಮಾನಕಕ್ಕೆ ಹೊಂದಿಸಿದ್ದು ಅಂತ ಉಂಟಾ ನೋಡಿಕೊಳ್ಳಿ. ಹಳೆಯ 87/518 ಅಷ್ಟು ಶುದ್ಧವಾಗಿರಲಿಲ್ಲ. ಬೆಳವಣಿಗೆ ಹಾರ್ಮೋನಿಗೆ 98/574. ಹಾರ್ಮೋನಿನ ಹಳೆಯ ರಿಪೋರ್ಟು ಲೀಟರಿಗೆ ಇಷ್ಟು ಮಿಲಿ ಯೂನಿಟ್ ಅಂತ ಇದ್ದರೆ ಮೂರರಿಂದ ಭಾಗಿಸಿ, ಲೀಟರಿಗೆ ಎಷ್ಟು ಮೈಕ್ರೋಗ್ರಾಂ, ಅಂದರೆ ಮಿಲಿಲೀಟರಿಗೆ ಎಷ್ಟು ನ್ಯಾನೋಗ್ರಾಂ ಅಂತ ಸಿಗುತ್ತದೆ. ದಯವಿಟ್ಟು ಮಗುವಿನ ರಿಪೋರ್ಟಿನ ಪಕ್ಕ ದೊಡ್ಡವರ ರೆಫರೆನ್ಸ್ ರೇಂಜ್ ಅಚ್ಚು ಹಾಕಿ ಕಳಿಸಬೇಡಿ. ಸಾಫ್ಟ್‌ವೇರಿನಲ್ಲಿ ಜನ್ಮ ದಿನಾಂಕ ಹಾಕದೆ ಬಿಟ್ಟಾಗ ಆಗುವ ಎಡವಟ್ಟು ಇದು, ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಸಾಧ್ಯವಾದರೆ ಎಸ್‌ಡಿ ಸ್ಕೋರೂ ಕೊಡಿ: ಸೊನ್ನೆ ಅಂದರೆ ಅದೇ ಪ್ರಾಯದವರ ನಟ್ಟನಡು, ಮೈನಸ್ ಎರಡರಿಂದ ಪ್ಲಸ್ ಎರಡರವರೆಗೆ ಸಹಜ.

ಬೈಂದೂರು, ಕಾರ್ಕಳ, ಬೆಳ್ತಂಗಡಿ ಕಡೆಯಿಂದ ಸ್ಯಾಂಪಲ್ ಬರುವಾಗ ರಕ್ತವನ್ನೇ ಐಸಿನ ಮೇಲೆ ಇಟ್ಟು ಕಳಿಸುವುದನ್ನು ಬಿಡಿ, ಕಣಗಳು ಒಡೆಯುತ್ತವೆ. ಹೆಪ್ಪುಗಟ್ಟಲಿಕ್ಕೆ ಅರ್ಧ ಗಂಟೆ ಬಿಟ್ಟು, ಅಲ್ಲೇ ಸೆಂಟ್ರಿಫ್ಯೂಜ್ ಮಾಡಿ, ಸೀರಮ್ ಬೇರ್ಪಡಿಸಿ, ಅದನ್ನು ತಂಪು ಪೆಟ್ಟಿಗೆಯಲ್ಲಿ ಕಳಿಸಿ. ದಿನಕ್ಕಿಂತ ಹೆಚ್ಚು ತಡವಾಗುವುದಾದರೆ ಮೈನಸ್ 20ರಲ್ಲಿ ಗಡ್ಡೆ ಕಟ್ಟಿಸಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಗಡ್ಡೆ ಕಟ್ಟಿಸಬೇಡಿ. ಮತ್ತೊಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಿ: "ಕೂದಲಿಗೆ, ಉಗುರಿಗೆ ಅಂತ ಏನಾದರೂ ಮಾತ್ರೆ ತಗೊಳ್ತಾ ಇದ್ದೀರಾ?" ಅದರಲ್ಲಿ 5 ಅಥವಾ 10 ಮಿಲಿಗ್ರಾಂ ಬಯೋಟಿನ್ ಎಂಬ ಬಿ ವಿಟಮಿನ್ ಇರಬಹುದು. ಬಯೋಟಿನ್ ಬಳಸುವ ಮೆಷೀನಿನಲ್ಲಿ ಹಾರ್ಮೋನೂ ಐಜಿಎಫ್-1ಊ ಸುಳ್ಳೇ ಕಮ್ಮಿ ತೋರಿಸಬಹುದು. ಎರಡು ಮೂರು ದಿನ ನಿಲ್ಲಿಸಿ ಬರಲಿಕ್ಕೆ ಹೇಳಿ.

ಐಜಿಎಫ್-1 ಕಮ್ಮಿ, ವೇಗ ಕಮ್ಮಿ, ಬೇರೆ ಕಾರಣ ಸಿಗಲಿಲ್ಲ. ಆಗ ಗ್ರಂಥಿಯನ್ನು ಕೆಣಕಿ ನೋಡುವ ಪರೀಕ್ಷೆ. ಮಕ್ಕಳಲ್ಲಿ ಹೆಚ್ಚು ಬಳಕೆಯದ್ದು ಕ್ಲೋನಿಡಿನ್, ರಕ್ತದೊತ್ತಡದ ಹಳೆಯ ಮಾತ್ರೆ. ಇದನ್ನು ಹಂತ ಹಂತವಾಗಿ ಹೇಳುತ್ತೇನೆ, ಯಾಕೆಂದರೆ ಇದು ಕೆಡುವುದು ಮೆಷೀನಿನಲ್ಲಲ್ಲ, ಮಂಚದ ಪಕ್ಕದಲ್ಲಿ.

ಹಿಂದಿನ ರಾತ್ರಿ ಹತ್ತರ ಮೇಲೆ ನೀರು ಬಿಟ್ಟು ಏನೂ ಇಲ್ಲ. ಬೆಳಿಗ್ಗೆ ಎಂಟಕ್ಕೆ ಎತ್ತರ, ತೂಕ. ಮಗು 118 ಸೆಂಟಿಮೀಟರ್, 20 ಕಿಲೋ ಅಂದುಕೊಳ್ಳಿ. ಎರಡನ್ನೂ ಗುಣಿಸಿ 3600ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮೈಯ ವಿಸ್ತೀರ್ಣ 0.81 ಚದರ ಮೀಟರ್. ಚದರ ಮೀಟರಿಗೆ 150 ಮೈಕ್ರೋಗ್ರಾಂ ಲೆಕ್ಕದಲ್ಲಿ 121. ನೂರರ ಮಾತ್ರೆ ಒಂದು, ಮತ್ತೆ ಕಾಲು. ಮಾತ್ರೆ ಕೊಡುವ ಮೊದಲು ಕೈಗೆ ಕ್ಯಾನುಲಾ ಹಾಕಿ ಅರ್ಧ ಗಂಟೆ ಸುಮ್ಮನೆ ಮಲಗಿಸಿ. ಸೂಜಿಯ ಭಯಕ್ಕೇ ಹಾರ್ಮೋನು ಚಿಮ್ಮಬಹುದು, ಒಮ್ಮೆ ಚಿಮ್ಮಿದ ಗ್ರಂಥಿ ಕೂಡಲೇ ಎರಡನೇ ಸಲ ಸರಿಯಾಗಿ ಚಿಮ್ಮದಿರಬಹುದು. ಆಮೇಲೆ ಸೊನ್ನೆ ನಿಮಿಷದ ರಕ್ತ, ಮಾತ್ರೆ, ಮತ್ತೆ 30, 60, 90, 120 ನಿಮಿಷಕ್ಕೆ ರಕ್ತ. ಪ್ರತಿ ಸಲ ಮೊದಲ ಒಂದು ಮಿಲಿಲೀಟರ್ ಚೆಲ್ಲಿ, ಅದರಲ್ಲಿ ಸಲೈನ್ ಸೇರಿರುತ್ತದೆ. ಟ್ಯೂಬಿನ ಮೇಲೆ ಒಂದು, ಎರಡು ಅಂತ ಬರೆಯಬೇಡಿ, 8.40, 9.10 ಅಂತ ಗಡಿಯಾರದ ಹೊತ್ತು ಬರೆಯಿರಿ.

ಮಗು ತೂಕಡಿಸುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಬಿಪಿ ಇಳಿಯುತ್ತದೆ. ಅಮ್ಮನಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಗಾಬರಿ. ಅರ್ಧ ಗಂಟೆಗೊಮ್ಮೆ ಬಿಪಿ ನೋಡಿ. ಟಾಯ್ಲೆಟ್ಟಿಗೆ ನಡೆಸಿಕೊಂಡು ಹೋಗಬೇಡಿ, ಎದ್ದ ಕೂಡಲೇ ತಲೆ ತಿರುಗಿ ಬೀಳುವುದು ಅಲ್ಲೇ. ಬಿಪಿ ತೀರಾ ಇಳಿದರೆ ಕಾಲು ಎತ್ತಿಟ್ಟು ಸಲೈನ್. ಅಳುತ್ತಿದೆ ಅಂತ ಅಜ್ಜಿ ಮರೆಯಲ್ಲಿ ಒಂದು ಬಿಸ್ಕತ್ತು ಕೊಟ್ಟರೆ ಅಂದಿನ ಪರೀಕ್ಷೆ ಮುಗಿಯಿತು. ಏರಿದ ಸಕ್ಕರೆ ಹಾರ್ಮೋನನ್ನು ಒತ್ತಿಹಿಡಿಯುತ್ತದೆ. ಎಲ್ಲ ಮುಗಿದ ಮೇಲೆ ಉಪ್ಪು ಹಾಕಿದ ಗಂಜಿಯೋ ಏನೋ ತಿನ್ನಿಸಿ, ಬಿಪಿ ಸರಿಯಾದ ಮೇಲೆಯೇ ಮನೆಗೆ.

ಫಲಿತಾಂಶ ಹೀಗೆ ಬಂತು ಅಂತಿಟ್ಟುಕೊಳ್ಳಿ: 0.8, 3.1, 8.6, 5.9, 2.7. ನೋಡಬೇಕಾದ್ದು ಅತಿ ಎತ್ತರದ್ದು ಮಾತ್ರ, ಅದು ಯಾವ ನಿಮಿಷಕ್ಕೆ ಬಂದರೂ ಸರಿ. 8.6. ಹಳೆಯ ಗಡಿ 10, ಆ ಪ್ರಕಾರ ಈ ಮಗು ಫೇಲು. ಹೊಸ ಮೆಷೀನುಗಳಿಗೆ ತಕ್ಕಂತೆ ಈಗ ಅನೇಕ ಕಡೆ 7ನ್ನು ಗಡಿ ಮಾಡಿಕೊಂಡಿದ್ದಾರೆ, ಆ ಪ್ರಕಾರ ಪಾಸು. ಒಂದು ಗೆರೆಯ ಆಚೀಚೆ ನಿಂತ ಇಂಥ ಮಗುವಿಗೆ ವರ್ಷಗಟ್ಟಲೆ ದಿನಾ ರಾತ್ರಿ ಇಂಜೆಕ್ಷನ್ ಶುರು ಮಾಡುವ ಮೊದಲು ನನ್ನ ಮಟ್ಟಿಗೆ ಇನ್ನೊಂದು ಆರು ತಿಂಗಳು ಟೇಪು ಹಿಡಿಯುವುದೇ ಸರಿ. ಆರೋಗ್ಯವಂತ ಮಕ್ಕಳೂ ಒಂದು ಪರೀಕ್ಷೆಯಲ್ಲಿ ಫೇಲಾಗುವುದುಂಟು, ಅದಕ್ಕೇ ಎರಡು ಬೇರೆ ಬೇರೆ ಪರೀಕ್ಷೆ ಕೇಳುತ್ತಾರೆ. ದಪ್ಪಗಿನ ಮಕ್ಕಳಲ್ಲಿ ಉತ್ತರ ಇನ್ನೂ ಮಂಕು. ಹತ್ತು ದಾಟಿದ ಹುಡುಗಿ, ಹನ್ನೊಂದು ದಾಟಿದ ಹುಡುಗ ಇನ್ನೂ ಪ್ರಾಯಕ್ಕೆ ಬರುವ ಲಕ್ಷಣ ತೋರದಿದ್ದರೆ ಪರೀಕ್ಷೆಗೆ ಮೊದಲು ಕೆಲವು ದಿನ ಈಸ್ಟ್ರೋಜೆನ್ ಅಥವಾ ಟೆಸ್ಟೋಸ್ಟೆರಾನ್ ಕೊಟ್ಟು ಗ್ರಂಥಿಯನ್ನು ಸಜ್ಜು ಮಾಡುವ ಪದ್ಧತಿಯೂ ಉಂಟು.

ಎರಡನೆಯದಾಗಿ ಗ್ಲುಕಗಾನ್: ಕಿಲೋಗೆ 30 ಮೈಕ್ರೋಗ್ರಾಂ ಸ್ನಾಯುವಿಗೆ, 1 ಮಿಲಿಗ್ರಾಂ ಮೀರದ ಹಾಗೆ, ಮೂರು ಗಂಟೆ ರಕ್ತ ತೆಗೆಯಬೇಕು. ವಾಂತಿ ಬರುತ್ತದೆ, ಕೊನೆಯ ಹೊತ್ತಿಗೆ ಸಕ್ಕರೆ ಇಳಿಯಬಹುದು. ಇನ್ಸುಲಿನ್ ಕೊಟ್ಟು ಬೇಕಂತಲೇ ಸಕ್ಕರೆಯನ್ನು 40ರ ಹತ್ತಿರ ಇಳಿಸುವ ಪರೀಕ್ಷೆಯನ್ನು ದೊಡ್ಡವರಲ್ಲಿ ಅತ್ಯಂತ ನಂಬಿಗಸ್ತ ಅಂತ ಹೇಳುತ್ತಾರೆ, ಆದರೆ ಫಿಟ್ಸ್ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಬೇಡ. ಡೆಕ್ಸ್‌ಟ್ರೋಸ್ ಸಿರಿಂಜಿಗೆ ಎಳೆದಿಟ್ಟು, ಡಾಕ್ಟರು ಪಕ್ಕದಲ್ಲೇ ನಿಂತಿರಬೇಕು.

ಹಾರ್ಮೋನು ಭರ್ತಿ ಇದ್ದು ಐಜಿಎಫ್-1 ತಳ ಕಂಡಿದ್ದರೆ? ಊಟ ಸರಿ ಇದ್ದೂ ಹಾಗಿದ್ದರೆ, ಹಾರ್ಮೋನನ್ನು ಗುರುತಿಸುವ ರಿಸೆಪ್ಟರೇ ಕೆಟ್ಟಿರಬಹುದು. ಇಸ್ರೇಲಿನ ಜ್ವಿ ಲಾರಾನ್ 1966ರಲ್ಲಿ ಇಂಥ ಮಕ್ಕಳನ್ನು ವರದಿ ಮಾಡಿದರು. ಸೋದರಮಾವ-ಅಕ್ಕನ ಮಗಳು, ಅತ್ತೆ ಮಗ-ಮಾವನ ಮಗಳು ಎನ್ನುವ ಮದುವೆಗಳಿರುವ ನಮ್ಮ ಕಡೆ ಇದು ನೆನಪಿರಬೇಕು. ಇವರಿಗೆ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಹಾಕಿ ಪ್ರಯೋಜನವಿಲ್ಲ.

ದೊಡ್ಡವರ ವಿಷಯ ಬೇಗ ಮುಗಿಸುತ್ತೇನೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ, ಆಮೇಲೆ ಹಾಲೂ ಬಾರದೆ, ಮುಟ್ಟೂ ಮರಳದೆ, ವರ್ಷಗಟ್ಟಲೆ "ಸುಸ್ತು" ಅಂತ ಟಾನಿಕ್ ಕುಡಿಯುವ ಹೆಂಗಸರುಂಟು. ಕೊಳಕುಮಂಡಲ ಹಾವು ಕಚ್ಚಿ ಬದುಕಿ ಬಂದವರಲ್ಲೂ ಕೆಲವರಿಗೆ ಪಿಟ್ಯುಟರಿ ಹಾಳಾಗಿರುತ್ತದೆ. ತೋಟದ ಕೆಲಸದವರನ್ನು ನೋಡುವ ಡಾಕ್ಟರುಗಳು ಇದನ್ನು ಕೇಳಬೇಕು. ಇಂಥವರಲ್ಲಿ ಪಿಟ್ಯುಟರಿಯ ಬೇರೆ ಮೂರು ಹಾರ್ಮೋನು ಇಲ್ಲದಿದ್ದು ಐಜಿಎಫ್-1 ಕೂಡ ಕಮ್ಮಿ ಇದ್ದರೆ ಕೆಣಕುವ ಪರೀಕ್ಷೆಯ ಅಗತ್ಯವೇ ಇಲ್ಲ. ಅವರಿಗೆ ಮೊದಲು ನೋಡಿ ಸರಿಮಾಡಬೇಕಾದ್ದು ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್.

ದೊಡ್ಡವರಲ್ಲಿ ಬೆಳವಣಿಗೆ ಹಾರ್ಮೋನು ಜಾಸ್ತಿಯಾದಾಗ (ಅಕ್ರೋಮೆಗಲಿ ಎಂಬ ಕಾಯಿಲೆ) ಲೆಕ್ಕ ತಿರುಗಾಮುರುಗಾ. ಉಂಗುರ ಬಿಗಿಯಾಯಿತು, ಚಪ್ಪಲಿ ನಂಬರ್ ಏರಿತು, ಹಲ್ಲುಗಳ ನಡುವೆ ಸಂದು ಬಂತು, ಬೆವರು, ಶುಗರು. ಮೊದಲು ಐಜಿಎಫ್-1. ಜಾಸ್ತಿ ಬಂದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಅರ್ಧರ್ಧ ಗಂಟೆಗೆ ಹಾರ್ಮೋನು ನೋಡುತ್ತಾರೆ. ಸರಿ ಇದ್ದವರಲ್ಲಿ ಅದು 1ಕ್ಕಿಂತ ಕೆಳಗೆ, ಸೂಕ್ಷ್ಮ ಮೆಷೀನಿನಲ್ಲಿ 0.4ಕ್ಕಿಂತ ಕೆಳಗೆ ಇಳಿಯಬೇಕು. ಗರ್ಭಿಣಿಯರಲ್ಲಿ, ಪ್ರಾಯಕ್ಕೆ ಬರುತ್ತಿರುವ ಮಕ್ಕಳಲ್ಲಿ ಇಳಿಯದೆಯೂ ಇರಬಹುದು. ಈಸ್ಟ್ರೋಜೆನ್ ಮಾತ್ರೆ ನುಂಗುವವರಲ್ಲಿ ಐಜಿಎಫ್-1 ಇಳಿದು ಕಾಯಿಲೆ ಮರೆಯಾಗಬಹುದು.

ಜಿಮ್ಮಿನ ಹುಡುಗರು ಹಿಂದೆ ಕೂತಿದ್ದೀರಿ ಅಂತ ಇದೊಂದು ಮಾತು. ಹೊರಗಿನಿಂದ ಹಾಕಿಕೊಂಡ ಹಾರ್ಮೋನು ಒಂದೆರಡು ದಿನದಲ್ಲಿ ರಕ್ತದಿಂದ ಹೋದರೂ ಅದು ಏರಿಸಿದ ಐಜಿಎಫ್-1, ಅದರ ಜೊತೆ ಕೊಲಾಜೆನ್ ತಯಾರಾಗುವಾಗ ಉದುರುವ ಪಿ-3-ಎನ್‌ಪಿ ಎಂಬ ತುಣುಕು, ಇನ್ನೂ ಹಲವು ದಿನ ಎತ್ತರದಲ್ಲೇ ಇರುತ್ತವೆ. 2012ರ ಲಂಡನ್ ಪ್ಯಾರಾಲಿಂಪಿಕ್ ಕ್ರೀಡಾಕೂಟದಲ್ಲಿ ಹಾರ್ಮೋನು ಹಾಕಿಕೊಂಡವರನ್ನು ಈ ಎರಡರ ಲೆಕ್ಕದ ಮೇಲೆಯೇ ಹಿಡಿದಿದ್ದಾರೆ.

ಕೊನೆಗೆ ಇಂಜೆಕ್ಷನ್ ಶುರುವಾದ ಮಕ್ಕಳ ಅಪ್ಪ-ಅಮ್ಮಂದಿರಿಗೆ. ಆರು ತಿಂಗಳಿಗೋ ವರ್ಷಕ್ಕೋ ಐಜಿಎಫ್-1 ನೋಡಿಸಿ, ಅದೇ ಲ್ಯಾಬಿನಲ್ಲಿ, ಅದೇ ಮೆಷೀನಿನಲ್ಲಿ. ಎಸ್‌ಡಿ ಸ್ಕೋರು ಪ್ಲಸ್ ಎರಡು ದಾಟಿ ನಿಂತರೆ ಡೋಸ್ ಇಳಿಸಬೇಕಾಗುತ್ತದೆ. ಇಂಜೆಕ್ಷನ್ ಹಾಕಿಯೂ ಏರದಿದ್ದರೆ ಇಂಜೆಕ್ಷನ್ ಪೆನ್ನು ಎಲ್ಲಿಟ್ಟಿದ್ದೀರಿ ಅಂತ ನೋಡಿ: ಫ್ರೀಜರಿನಲ್ಲಿ ಗಡ್ಡೆ ಕಟ್ಟಿದ ಔಷಧಿ, ಕರೆಂಟು ಹೋಗಿ ಬಿಸಿಯಾದ ಔಷಧಿ ಎರಡೂ ಕೆಲಸಕ್ಕೆ ಬಾರದವು. ವಾರದಲ್ಲಿ ಎಷ್ಟು ರಾತ್ರಿ ತಪ್ಪಿತು ಅಂತ ಮಗುವನ್ನೇ ಮೆಲ್ಲಗೆ ಕೇಳಿ. ವಾರಕ್ಕೊಮ್ಮೆ ಹಾಕುವ ಇಂಜೆಕ್ಷನ್ ಆದರೆ ಮಾರನೇ ದಿನವೇ ರಕ್ತ ಕೊಟ್ಟರೆ ಏರಿದ್ದೇ ಕಾಣುತ್ತದೆ, ಮುಂದಿನದ್ದರ ಹಿಂದಿನ ದಿನ ಕೊಟ್ಟರೆ ಇಳಿದದ್ದೇ ಕಾಣುತ್ತದೆ. ನಡುವಿನ ಮಟ್ಟ ಸಿಗುವುದು ಸುಮಾರು ನಾಲ್ಕನೇ ದಿನ. ಭಾನುವಾರ ರಾತ್ರಿ ಹಾಕುವವರು ಗುರುವಾರ ಬನ್ನಿ, ಮತ್ತೆ ಯಾವ ದಿನ ಹಾಕಿದ್ದು ಅಂತ ಫಾರ್ಮಿನ ಮೇಲೆ ಬರೆಸಿ.